ಒಂಬತ್ತನೆಯ ತಟ್ಟೆ

ನನ್ನ ಅತ್ತಿಗೆ ಲುಸ್ಸೋರಿಯಾಳ ನಾಲಿಗೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ಮುಂದೆ ನಾನು ಹೇಳುವ ಯಾವ ಮಾತೂ ನಿಮ್ಮ ತಲೆಗೆ ಹತ್ತುವುದಿಲ್ಲ. ಮಾತಾಡುವ ನಾಲಿಗೆಯಲ್ಲ, ಅದು ನನಗೇ ಜಾಸ್ತಿ. ರುಚಿ ನೋಡುವ ನಾಲಿಗೆ. ನಮ್ಮ ಒರೊಲ್ಲೈ ಊರಿನಲ್ಲಿ ಯಾರ ಮನೆಯಲ್ಲಿ ರೊಟ್ಟಿ ಸುಡುವ ದಿನ ಬಂದರೂ ಅವಳಿಗೆ ಕರೆ ಬರುತ್ತಿತ್ತು. ಕಾಗದದಷ್ಟು ತೆಳುವಾದ ನಮ್ಮ ರೊಟ್ಟಿಯನ್ನು ಕುರುಬರು ತಿಂಗಳುಗಟ್ಟಲೆ ಬೆಟ್ಟಕ್ಕೆ ಹೊತ್ತೊಯ್ಯಬೇಕು. ಉಪ್ಪು ಹೆಚ್ಚಾದರೆ ಮೆತ್ತಗಾಗುತ್ತದೆ, ಕಮ್ಮಿಯಾದರೆ ಬೂಸಲು ಹಿಡಿಯುತ್ತದೆ. ಅವಳು ಕಲಸಿದ ಹಿಟ್ಟನ್ನು ಕಡಲೆಕಾಳಿನಷ್ಟು ಚಿವುಟಿ ನಾಲಿಗೆಯ ತುದಿಗಿಟ್ಟು "ಇನ್ನೊಂದು ಚಿಟಿಕೆ" ಎಂದರೆ ಒಂದೇ ಚಿಟಿಕೆ, ಎರಡಲ್ಲ.

ಒಮ್ಮೆ ಗಾಣದವರ ಮನೆಯಲ್ಲಿ ಹೀಗೇ ಹಿಟ್ಟು ಬಾಯಿಗಿಟ್ಟವಳು ಮುಖ ಕಿವುಚಿ, "ಇದಕ್ಕೆ ಇಬ್ಬರು ಉಪ್ಪು ಹಾಕಿದೀರಿ. ಅತ್ತೆ ಒಂದ್ಸಲ, ಸೊಸೆ ಒಂದ್ಸಲ. ಎಷ್ಟು ದಿನ ಆಯ್ತು ಮಾತು ಬಿಟ್ಟು?" ಎಂದು ಕೇಳಿದಳು. ಅತ್ತೆ ಸೊಸೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಇಬ್ಬರೂ ಒಲೆಯ ಮುಂದೆ ತಲೆ ತಗ್ಗಿಸಿ ಕೂತರು. ಅಂಥ ನಾಲಿಗೆ ಅದು.

ನಾನು ತತಾನಾ. ಅವಳ ಗಂಡ ದಿಯೇಗುವಿನ ಒಬ್ಬಳೇ ತಂಗಿ. ಅವರ ಮದುವೆ ನಲವತ್ತೊಂದನೇ ಇಸವಿಯ ಜನವರಿಯಲ್ಲಿ ಆಯಿತು. ಮದುವೆಯ ಊಟದಲ್ಲಿ ಗಂಡುಹೆಣ್ಣಿಗೆ ಒಂದೇ ತಟ್ಟೆ, ಒಂದೇ ಚಮಚ. ನಮ್ಮಲ್ಲಿ ಅದು ಪದ್ಧತಿ. ದಿಯೇಗು ಮೊದಲ ತುತ್ತು ನುಂಗಿ "ಉಪ್ಪು ಸಾಲದು" ಎಂದ. ಅವನು ಚೀಸಿನ ಮೇಲೂ ಉಪ್ಪು ಉದುರಿಸಿಕೊಂಡು ತಿನ್ನುವ ಆಸಾಮಿ. ಮದುವಣಗಿತ್ತಿ ಅವನ ಕೈಯಿಂದ ಚಮಚ ಕಿತ್ತುಕೊಂಡು ತಾನೊಂದು ತುತ್ತು ತಿಂದು, "ಉಪ್ಪು ಸರಿಯಾಗೇ ಇದೆ, ನಿನ್ನ ನಾಲಿಗೇನೇ ಸರಿಯಿಲ್ಲ" ಎಂದಳು. ಪಂಕ್ತಿಗೆ ಪಂಕ್ತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಣ್ಣನ ಕಿವಿ ಕೆಂಪಾಯಿತು. ಆಮೇಲೆ ಅವನು ಅವಳನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

ಹಾಳು ಯುದ್ಧ. ನಲವತ್ತೆರಡರಲ್ಲಿ ಅವನನ್ನು ರಷ್ಯಾಕ್ಕೆ ಕಳಿಸಿದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಬರೆದ ಒಂದು ಕಾಗದ ಬಂತು. 'ಇಲ್ಲಿ ರೊಟ್ಟಿ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಕೊಡಲಿಯಲ್ಲಿ ಒಡೆದು ಬಾಯಿಗೆ ಹಾಕಿಕೊಳ್ಳುತ್ತೇವೆ. ಕನಸಿನಲ್ಲೂ ಹಸಿವು. ನಾನು ಬರುವ ದಿನ ಹಂಡೆ ತುಂಬ ಮಕರೋನೆ ಮಾಡಿಡು.' ಅದೇ ಕೊನೆ. ಆಮೇಲೆ ಸರ್ಕಾರದ ಚೀಟಿಯೊಂದು ಬಂತು, 'ಕಾಣೆಯಾಗಿದ್ದಾನೆ' ಎಂದು. ಸತ್ತ ಎಂದರೆ ಅತ್ತು ಮುಗಿಸಬಹುದು, ಬದುಕಿದ್ದಾನೆ ಎಂದರೆ ಕಾಯಬಹುದು. ಕಾಣೆಯಾದವನಿಗೆ ಏನು ಮಾಡುವುದು? ಅವ್ವ ಹಾಸಿಗೆ ಹಿಡಿದಳು. ಅತ್ತಿಗೆ ವಿಧವೆಯ ಕಪ್ಪು ಉಡಲಿಲ್ಲ, ಮುತ್ತೈದೆಯರು ಉಡುವ ಕೆಂಪು ಅಂಚಿನ ಲಂಗವನ್ನೇ ಉಟ್ಟು ಮನೆಮನೆಯ ಒಲೆಗೆ ಹೋಗಿ ರೊಟ್ಟಿ ಸುಟ್ಟು ನಮ್ಮಿಬ್ಬರ ಹೊಟ್ಟೆ ತುಂಬಿಸಿದಳು.

ಹೀಗೆ ಐದಾರು ವರ್ಷ ಕಳೆಯಿತು. ನಲವತ್ತೆಂಟರ ಬೇಸಿಗೆಯಲ್ಲಿ ಪ್ರೇದು ಎಂಬವನು ಅವಳನ್ನು ಕೇಳಿಕೊಂಡು ಬಂದ. ಕುದುರೆಯ ಜೀನು ಹೊಲಿಯುವವನು, ಹೆಂಡತಿ ಸತ್ತವನು, ಮೂವತ್ತೈದರ ಒಳ್ಳೆಯ ಗಂಡಸು. ಮಾತು ಕಮ್ಮಿ, ಕೈ ಶುದ್ಧ. ಅತ್ತಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆದರೆ ಅವನು ಅಂಗಳಕ್ಕೆ ಬಂದ ದಿನ ಒದ್ದೆ ಕೈಯಿಂದ ಕೂದಲು ನೇವರಿಸಿಕೊಂಡಳು. ನಾನು ಹೆಣ್ಣಲ್ಲವೇ, ನನಗೆ ತಿಳಿಯುವುದಿಲ್ಲವೇ? ದಿಯೇಗು ಸತ್ತನೆಂದು ಮನೆಯವರು ಬರೆದುಕೊಟ್ಟರೆ ಸರ್ಕಾರವೂ ಒಪ್ಪುತ್ತಿತ್ತು, ಚರ್ಚೂ ಒಪ್ಪುತ್ತಿತ್ತು. ಬರೆಯಬೇಕಾದವಳು ಅವ್ವ.

ಅವ್ವ ಹಾಸಿಗೆಯಲ್ಲೇ ಎದ್ದು ಕೂತಳು. "ಕಾಗದ ಏನು ಹೇಳತ್ತೆ ಮಣ್ಣು! ಸತ್ತವರ ಹಬ್ಬ ಬರ್ತಿದೆ. ಈ ಸಲ ಅವನಿಗೂ ಒಂದು ಎಡೆ ಇಡೋಣ. ಉಂಡ ಅಂದರೆ ನಾನೇ ನಿನ್ನ ಕೈಹಿಡಿದು ಪ್ರೇದು ಮನೆಗೆ ಬಿಟ್ಟುಬರ್ತೀನಿ. ಉಣ್ಣಲಿಲ್ಲ ಅಂದರೆ ನನ್ನ ಮಗ ಬದುಕಿದಾನೆ, ನೀನು ಕಾಯ್ತೀಯ. ಆಗಬಹುದಾ?"

"ಆಗಲಿ ಅತ್ತೆ" ಎಂದಳು ಅತ್ತಿಗೆ.

ನವೆಂಬರ್ ಒಂದರ ಸಂಜೆ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಸತ್ತವರಿಗೆ ಎಡೆ ಇಡುತ್ತಾರೆ. ಆ ಮನೆಯಲ್ಲಿ ಎಷ್ಟು ಜನ ಸತ್ತಿದ್ದಾರೋ ಅಷ್ಟು ತಟ್ಟೆ. ಮೇಜಿನ ಮೇಲೆ ಚಾಕು ಇಡಬಾರದು, ಮುಳ್ಳುಚಮಚ ಇಡಬಾರದು. ಸತ್ತವರ ಮನಸ್ಸಿನಲ್ಲಿ ಏನಿದೆಯೋ ಬಲ್ಲವರು ಯಾರು? ಬರೀ ಚಮಚ, ಅದನ್ನೂ ಬೋರಲು. ಮಕರೋನೆ ಬೇಯಿಸುವ ನೀರಿಗೆ ಉಪ್ಪು ಹಾಕುವಂತಿಲ್ಲ. ಉಪ್ಪು ಬಿದ್ದದ್ದು ಜೀವ ಇರುವವರ ಊಟ. ಸತ್ತವರ ಬಾಯಿಗೆ ಅದು ತಾಗಿದರೆ ಕಾದ ಕಬ್ಬಿಣ ತಾಗಿದಂತೆ, ಗಂಟಲು ಹತ್ತಿ ಉರಿಯುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಮೇಲೆ ಅಕ್ರೋಟಿನ ಪುಡಿಯನ್ನು ನುಣ್ಣಗೆ ಹರಡಬೇಕು. ಪಕ್ಕದಲ್ಲಿ ಒಂದು ಹೂಜಿ ನೀರು. ಸಂಜೆಯ ಗಂಟೆ ಹೊಡೆಯುವುದರೊಳಗೆ ಎಲ್ಲ ಸಿದ್ಧವಾಗಬೇಕು. ಗಂಟೆ ಹೊಡೆದ ಮೇಲೆ ಆ ಮೇಜನ್ನು ಜೀವ ಇರುವವರು ಬೆರಳಲ್ಲೂ ಮುಟ್ಟಬಾರದು. ಕದಕ್ಕೆ ಅಗುಳಿ ಹಾಕದೆ ಮಲಗಬೇಕು.

ಬೆಳಿಗ್ಗೆ ಮನೆಯ ಹಿರಿಯಳು ಬಂದು ತಟ್ಟೆ ನೋಡುತ್ತಾಳೆ. ಸತ್ತವರು ನಮ್ಮ ಹಾಗೆ ಬಳಿದು ಉಣ್ಣುವುದಿಲ್ಲ, ಸಾರ ಮಾತ್ರ ಹೀರುತ್ತಾರೆ. ಪುಡಿಯ ಮೇಲೊಂದು ಗುಳಿ ಬಿದ್ದಿರುತ್ತದೆ, ಬೋರಲಿದ್ದ ಚಮಚ ಅಂಗಾತವಾಗಿರುತ್ತದೆ. ಅಷ್ಟೇ ಗುರುತು. ಆಮೇಲೆ ಆ ಊಟವನ್ನು ಬಡವರಿಗೆ ಕೊಡುತ್ತೇವೆ. ನಗುವವರು ನಗಲಿ. ನಾನು ಅರವತ್ತು ವರ್ಷ ಆ ಗುಳಿಗಳನ್ನು ಕಣ್ಣಾರೆ ಕಂಡಿದ್ದೇನೆ.

ಆ ಸಂಜೆಯ ಕೆಲಸವೆಲ್ಲ ನನ್ನ ತಲೆಗೆ ಬಂತು. ಅತ್ತಿಗೆ ಸ್ಮಶಾನದಲ್ಲಿ ಮನೆಯವರ ಗೋರಿ ತೊಳೆಯಲು ಹೋಗಿದ್ದಳು. ಅವ್ವ ಬೆಳಿಗ್ಗೆಯೇ ಹಾಸಿಗೆಯಲ್ಲಿ ಕೂತು ರವೆ ಕಲಸಿ, ಹೆಣೆಯುವ ಸೂಜಿಗೆ ಹಿಟ್ಟು ಸುತ್ತಿ ಅಂಗೈಯಲ್ಲಿ ಉಜ್ಜಿ, ಕೊಳವೆ ಕೊಳವೆಯಾಗಿ ಮಕರೋನೆ ಮಾಡಿ ಬಟ್ಟೆಯ ಮೇಲೆ ಒಣಗಿಸಿದ್ದಳು. ಒಲೆಯ ಮೇಲೆ ಎರಡು ಪಾತ್ರೆ. ಸಣ್ಣದು ನಮಗೆ, ಉಪ್ಪು ಹಾಕಿದ್ದು. ದೊಡ್ಡದು ಸತ್ತವರಿಗೆ, ಉಪ್ಪಿಲ್ಲದ್ದು.

ನಾನು ಬಡಿಸುತ್ತ ಹೋದೆ. ಅಜ್ಜ, ಅಜ್ಜಿ, ಅಪ್ಪ, ಹಿಂದಿನ ಯುದ್ಧದಲ್ಲಿ ಹೋದ ಚಿಕ್ಕಪ್ಪ, ಹೆಸರಿಡುವ ಮೊದಲೇ ಹೋದ ಎರಡು ಕೂಸು, ಇಬ್ಬರು ಅತ್ತೆಯರು. ಎಂಟು ತಟ್ಟೆ ತುಂಬಿದವು. ಒಂಬತ್ತನೆಯದಕ್ಕೆ ಸೌಟು ಹಾಕಿದರೆ ಬರೀ ಗಂಜಿನೀರು. ಅವ್ವ ಎಷ್ಟೋ ವರ್ಷದ ರೂಢಿಯಲ್ಲಿ ಎಂಟೇ ಹಿಡಿ ರವೆ ಅಳೆದಿದ್ದಳು. ಹೊಸಬನೊಬ್ಬ ಸೇರಿದ್ದಾನೆಂದು ಅವಳ ಕೈಗೆ ಗೊತ್ತಿರಲಿಲ್ಲ.

"ಏನೇ ತತಾನಾ, ಆಯ್ತಾ? ಗಂಟೆ ಹೊಡೆಯೋ ಹೊತ್ತಾಯ್ತು" ಎಂದು ಅವ್ವ ಒಳಗಿಂದ ಕೂಗಿದಳು.

"ಆಯ್ತು, ಆಯ್ತು, ಕುತ್ತಿಗೆ ಮೇಲೆ ಕೂತ್ಕೋಬೇಡ" ಎಂದೆ. ಸೌಟನ್ನು ಸಣ್ಣ ಪಾತ್ರೆಗೆ ಹಾಕಿ ಅಣ್ಣನ ತಟ್ಟೆ ತುಂಬಿಸಿದೆ. ಅಕ್ರೋಟಿನ ಪುಡಿ ಹರಡಿದೆ. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ಉಪ್ಪಿನ ನೆನಪೇ ನನಗಿರಲಿಲ್ಲ. ಚಮಚ ಬೋರಲು ಹಾಕುವಷ್ಟರಲ್ಲಿ ಗಂಟೆ ಹೊಡೆಯಿತು. ಅತ್ತಿಗೆ ಬಂದಳು. ಮೂವರೂ ಒಲೆಯ ಬಳಿ ನೆಲದ ಮೇಲೆ ಕೂತು ನಮ್ಮ ಪಾಲನ್ನು ಉಂಡೆವು. ಮೊದಲ ತುತ್ತು ಬಾಯಿಗಿಟ್ಟಾಗ ನಾಲಿಗೆಗೆ ಉಪ್ಪು ತಾಗಿತು. ಆಗ ಅಣ್ಣನ ತಟ್ಟೆ ನೆನಪಾಯಿತು. ಮೇಜು ನಾಲ್ಕು ಹೆಜ್ಜೆ ಆಚೆಗಿತ್ತು, ಮುಟ್ಟುವಂತಿರಲಿಲ್ಲ. ಹೇಳಿದ್ದರೆ ಅವ್ವ ನನ್ನ ಚರ್ಮ ಸುಲಿಯುತ್ತಿದ್ದಳು. ತೆಪ್ಪಗೆ ಉಂಡು ಮಲಗಿದೆ.

ಬೆಳಿಗ್ಗೆ ಅವ್ವ ಕೋಲೂರಿಕೊಂಡು ಬಂದು ಮೇಜಿನ ಸುತ್ತ ನಡೆದಳು. ಎಂಟು ತಟ್ಟೆಗೂ ಗುಳಿ ಬಿದ್ದಿತ್ತು, ಎಂಟು ಚಮಚವೂ ಅಂಗಾತ. ಒಂಬತ್ತನೆಯ ತಟ್ಟೆಯ ಪುಡಿ ನಾನು ಹರಡಿದ ಹಾಗೇ ನುಣ್ಣಗಿತ್ತು. ಚಮಚ ಬೋರಲಾಗಿಯೇ ಬಿದ್ದಿತ್ತು.

"ಬದುಕಿದಾನೆ!" ಎಂದು ಅವ್ವ ಕಿರುಚಿದಳು. "ನನ್ನ ಕಂದ ಬದುಕಿದಾನೆ ಕಣ್ರೇ!" ಕೋಲು ಕೈಯಿಂದ ಬಿತ್ತು. ಐದು ವರ್ಷ ಹಾಸಿಗೆ ಬಿಟ್ಟು ಸರಿಯಾಗಿ ಏಳದ ಮುದುಕಿ ಅಂಗಳಕ್ಕೆ ಓಡಿ ನೆರೆಯವರನ್ನೆಲ್ಲ ಕರೆದಳು. ಒಳಗೆ ಬಂದು, ಹಸಿವಾಗುತ್ತಿದೆ, ಏನಾದರೂ ಕೊಡಿ ಎಂದಳು. ಅವಳ ಬಾಯಿಂದ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ.

ನಾನು ಮೇಜಿನ ಬಳಿ ನಿಂತು ಹೂಜಿ ಎತ್ತಿದೆ. ಹಗುರವಾಗಿತ್ತು. ಹಿಂದಿನ ದಿನ ಬುಗ್ಗೆಯಿಂದ ನಾನೇ ಕಂಠದವರೆಗೆ ತುಂಬಿ ತಂದ ಹೂಜಿ ಅದು. ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ. ಬಿರುಕು ಬಿಟ್ಟಿರಬೇಕೆಂದು ನೀರು ತುಂಬಿ ನೋಡಿದೆ. ಸೋರಲಿಲ್ಲ. ಒಂಬತ್ತನೆಯ ಕುರ್ಚಿಯ ಕೆಳಗೆ ಕಲ್ಲುಹಾಸಿನ ಮೇಲೆ ಎರಡು ಒದ್ದೆ ಗುರುತು ಇದ್ದವು, ಹಿಮ ಮೆತ್ತಿದ ಬೂಟು ಅಲ್ಲಿ ಕರಗಿದ ಹಾಗೆ. ಹೊರಗೆ ಬಿಸಿಲಿತ್ತು. ನಮ್ಮೂರಲ್ಲಿ ಆ ವರ್ಷ ಇನ್ನೂ ಹಿಮ ಬಿದ್ದಿರಲಿಲ್ಲ.

ಅತ್ತಿಗೆ ಆ ತಟ್ಟೆಯನ್ನು ಬಡವರಿಗೆ ಕೊಡಲಿಲ್ಲ. "ಗಂಡನ ತಟ್ಟೆ ನಂದು" ಎಂದು ತಾನೇ ಎತ್ತಿಕೊಂಡು ನಿಂತಲ್ಲೇ ತಿಂದಳು. ಆ ನಾಲಿಗೆ! ಒಂದು ತುತ್ತು, ಎರಡು ತುತ್ತು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮೂರನೆಯ ತುತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ನಾನು ನೆಲ ನೋಡಿದೆ. ಅವಳು ತಟ್ಟೆ ಬಳಿದು ಮುಗಿಸಿ ಬಾಯಿ ಒರೆಸಿಕೊಂಡಳು.

ಬೇಲಿಯ ಬಳಿ ಪ್ರೇದು ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅತ್ತಿಗೆ ಹೋಗಿ ಎರಡು ಮಾತು ಹೇಳಿದಳು. ಅವನು ಟೊಪ್ಪಿ ಹಾಕಿಕೊಂಡು ಹೊರಟುಹೋದ. ಒಂದು ವರ್ಷದೊಳಗೆ ಪಕ್ಕದೂರಿನ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಅಂಗಡಿ ಇಟ್ಟ.

ಆ ಇಡೀ ವರ್ಷ ನನಗೆ ನಿದ್ದೆಯಿಲ್ಲ. ಉಪ್ಪಿನಿಂದಲೇ ಅಣ್ಣ ತಟ್ಟೆ ಬಿಟ್ಟನೋ, ನಿಜಕ್ಕೂ ಬದುಕಿದ್ದಾನೋ? ಮರುವರ್ಷ ನಾನೇ ಒಂಬತ್ತು ಹಿಡಿ ಎಣಿಸಿ ಎಣಿಸಿ ಅಳೆದೆ. ನೀರಿಗೆ ಉಪ್ಪು ತೋರಿಸಲೂ ಇಲ್ಲ. ಬಡಿಸಿ, ಪುಡಿ ಹರಡಿ, ಕೈಮುಗಿದು ಹೊರಗೆ ಬಂದೆ. ಬೆಳಿಗ್ಗೆ ನೋಡಿದರೆ ಒಂಬತ್ತನೆಯ ತಟ್ಟೆ ಹಾಗೇ ಇತ್ತು. ನನಗಂತೂ ಹಾರಿಹೋಗುವಷ್ಟು ಹಗುರವಾಯಿತು. ಹಾಗಾದರೆ ಅಣ್ಣ ಬದುಕಿದ್ದಾನೆ, ಹೋದ ವರ್ಷದ ನನ್ನ ತಪ್ಪಿನಿಂದ ಏನೂ ಕೆಟ್ಟಿಲ್ಲ, ಇನ್ನೇಕೆ ಬಾಯಿಬಿಡಲಿ ಎಂದುಕೊಂಡೆ. ಹೂಜಿ ಮಾತ್ರ ಆ ಸಲವೂ ಒಣಗಿತ್ತು. ಅದನ್ನು ನೋಡಿಯೂ ನೋಡದವಳ ಹಾಗಿದ್ದೆ. ಮೋಸಗಾತಿ ನಾನು.

ಅಲ್ಲಿಂದ ಪ್ರತಿ ವರ್ಷ ಅದೇ. ನಾನು ಮದುವೆಯಾಗಿ ಅದೇ ಬೀದಿಯ ಕೊನೆಯ ಮನೆಗೆ ಹೋದೆ, ಆದರೂ ಎಡೆ ಬಡಿಸಲು ಬರುತ್ತಿದ್ದೆ. ಮೂರನೆಯ ವರ್ಷದಿಂದ ಹೂಜಿ ತುಂಬುವ ಕೆಲಸ ಅತ್ತಿಗೆ ತೆಗೆದುಕೊಂಡಳು. ಒಂದಿದ್ದದ್ದು ಎರಡಾಯಿತು. ಬೆಳಿಗ್ಗೆ ಎರಡೂ ಖಾಲಿ. ಕುರ್ಚಿಯ ಕೆಳಗಿನ ಒದ್ದೆಯನ್ನು ಯಾರೂ ಕಾಣುವ ಮೊದಲೇ ಅವಳು ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದಳು. "ಸೂರು ಸೋರತ್ತೆ" ಎನ್ನುತ್ತಿದ್ದಳು. ಮಳೆಯಿಲ್ಲದ ವರ್ಷವೂ ಸೂರು ಸೋರುತ್ತಿತ್ತು. ಒಲೆಯ ಬೂದಿಯಲ್ಲಿ ಬಿದ್ದುಕೊಂಡಿರುತ್ತಿದ್ದ ಬೆಕ್ಕು ಆ ಕುರ್ಚಿಯ ಹತ್ತಿರ ಮಾತ್ರ ಹಾಯುತ್ತಿರಲಿಲ್ಲ, ಗೋಡೆ ಸವರಿಕೊಂಡು ಸುತ್ತಿ ಹೋಗುತ್ತಿತ್ತು.

ಊರ ಹೆಂಗಸರ ಬಾಯಿಗೆ ಬೀಗ ಉಂಟೇ? ಬುಗ್ಗೆಯ ಬಳಿ ಗಾಣದ ಮನೆಯವಳು ಒಮ್ಮೆ, "ಏನೇ ಲುಸ್ಸೋರಿಯಾ, ಈ ಸಲಾನೂ ನಿನ್ನ ಗಂಡ ಊಟ ಬೇಡ ಅಂದನಂತೆ? ರಷ್ಯಾದಲ್ಲಿ ಬೇರೆ ಒಲೆ ಹೂಡಿರಬೇಕು ಬಿಡು!" ಎಂದಳು.

"ಹೂಡಿದ್ರೆ ಆ ಒಲೆಗೆ ಸೌದೆನಾದ್ರೂ ಹೊರ್ತಿರ್ತಾನೆ" ಎಂದಳು ಅತ್ತಿಗೆ. "ನಿನ್ನ ಗಂಡ ಮನೇಲೇ ಇದಾನಲ್ಲ, ಏನು ಹೊತ್ತ? ನಿನ್ನ ಬಾಯಿನಾ?"

ಹೀಗೆ ಬದುಕಿದಳು. ಎರಡು ತಲೆಮಾರಿನ ಹುಡುಗಿಯರಿಗೆ ಹಿಟ್ಟು ಕಲಸುವುದು ಕಲಿಸಿದಳು. ನನ್ನ ಮಗಳು ಮಿಂತೋನಿಯಾಳಿಗೆ ಮಕರೋನೆ ಉಜ್ಜಲು ಕಲಿಸಿದ್ದೂ ಅವಳೇ, ನನಗೆ ಅಷ್ಟು ತಾಳ್ಮೆ ಎಲ್ಲಿದೆ. ಅವ್ವ ಐವತ್ತೇಳರಲ್ಲಿ, "ದಿಯೇಗು ಬಂದ್ರೆ ಹಂಡೆ ತುಂಬ ಮಾಡೇ" ಎಂದು ಸೊಸೆಗೆ ಹೇಳಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಳು. ಅತ್ತಿಗೆ ಕೆಂಪು ಅಂಚಿನ ಲಂಗ ಬಿಡಲಿಲ್ಲ. ಎಪ್ಪತ್ತರ ಹತ್ತಿರದ ಮುದುಕಿ ಕೆಂಪು ಅಂಚು ಉಟ್ಟು ಚರ್ಚಿಗೆ ಬರುತ್ತಿದ್ದರೆ ಹೊಸ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ನಾನು ಅವರ ಕಡೆ ಒಂದು ಸಲ ತಿರುಗಿ ನೋಡಿದರೆ ಸಾಕಿತ್ತು.

ಎಂಬತ್ತೆಂಟರ ಅಕ್ಟೋಬರಿನಲ್ಲಿ ಅವಳಿಗೆ ಊಟ ಸೇರದಾಯಿತು. ಹೊಟ್ಟೆಯೊಳಗಿನ ಗಡ್ಡೆ, ಇನ್ನು ಕೊಯ್ದು ಪ್ರಯೋಜನವಿಲ್ಲ ಎಂದರು ಡಾಕ್ಟರು. ಒಂದು ಮಧ್ಯಾಹ್ನ ನಾನು ಸಾರು ಕುಡಿಸಲು ಹೋದೆ. ಚಮಚ ತುಟಿಗೆ ತಾಗಿಸಿ, "ಉಪ್ಪು ಒಂದು ಹರಳು ಹೆಚ್ಚು" ಎಂದಳು. ಸಾಯುವಾಗಲೂ ಆ ನಾಲಿಗೆ! ನನಗೆ ಇನ್ನು ತಡೆಯಲಾಗಲಿಲ್ಲ. ಬಟ್ಟಲು ಕೆಳಗಿಟ್ಟು ಅವಳ ಕಾಲು ಹಿಡಿದುಕೊಂಡೆ.

"ಅತ್ತಿಗೆ, ನಾನೊಂದು ಪಾಪ ಮಾಡಿದೀನಿ. ಮೊದಲನೇ ವರ್ಷ ಅಣ್ಣನ ಎಡೆಗೆ ನಮ್ಮ ಪಾತ್ರೆಯಿಂದ ಬಡಿಸಿಬಿಟ್ಟೆ. ಉಪ್ಪಿದ್ದದ್ದು."

"ಗೊತ್ತು ಕಣೇ" ಎಂದಳು.

"ಗೊತ್ತಾ?"

"ತಿಂದವಳು ನಾನಲ್ವೇನೇ? ಮೊದಲ ತುತ್ತಿಗೇ ಗೊತ್ತಾಯ್ತು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ನೀನು ಹೇಳ್ತೀಯ ಅಂತ ಕಾದೆ. ನಿನ್ನ ಮುಖಾನೇ ನೋಡ್ತಿದ್ದೆ. ನೀನು ನೆಲ ನೋಡಿದೆ."

"ನೀನೇ ಹೇಳಬಹುದಿತ್ತಲ್ಲ?"

"ನಾನೇ? ಆ ಕಡೆ ಅತ್ತೆ ಕುಣೀತಿದ್ಲು, ಹಸಿವು ಅಂತಿದ್ಲು. ಬೇಲಿ ಹತ್ತಿರ ಪ್ರೇದು ನಿಂತಿದ್ದ. ಆ ಹೊತ್ತಲ್ಲಿ ನಾನು ಬಾಯಿಬಿಟ್ಟು, ಎಡೆ ಕೆಟ್ಟಿದೆ, ನಿಮ್ಮ ಮಗ ಸತ್ತಿರಬಹುದು, ನನ್ನ ಬಿಡಿ ಅನ್ನಲಾ? ಸೊಸೆ ಬಾಯಲ್ಲಿ ಅದು ಬರೋ ಮಾತೇನೇ? ಮಗಳು ಹೇಳಬೇಕಿತ್ತು. ನೀನು ಹೇಳಬೇಕಿತ್ತು."

ನಾನು ಕೇಳಿದೆ: "ಪ್ರೇದು ಬೇಕಿತ್ತಾ ನಿನಗೆ?"

"ಬೇಕಿತ್ತು ಕಣೇ" ಎಂದಳು. ಅಷ್ಟೇ. ನಲವತ್ತು ವರ್ಷದ ಮೇಲೆ ಆ ಎರಡು ಪದ.

ನಾನು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, ನನ್ನ ಪಾಪವನ್ನು ಒಂದಿಷ್ಟಾದರೂ ಹಗುರ ಮಾಡಿಕೊಳ್ಳುವ ಆಸೆಯಿಂದ, "ಆದರೆ ಮರುವರ್ಷ ನಾನು ಸರಿಯಾಗಿ ಇಟ್ಟೆ ಅತ್ತಿಗೆ. ಆಮೇಲೂ ಅವನು ಮುಟ್ಟಲಿಲ್ಲವಲ್ಲ. ಅವನು ಬದುಕಿದ್ದ" ಎಂದೆ.

ಅವಳು ಕಣ್ಣು ಮುಚ್ಚಿದಳು. "ಮರುವರ್ಷ ನೀನು ಎಡೆ ಇಟ್ಟು ಹಿತ್ತಿಲಿಗೆ ಹೋದೆಯಲ್ಲ, ಗಂಟೆ ಹೊಡೆಯೋ ಮೊದಲು ನಾನು ಬಂದು ಅವನ ತಟ್ಟೆಗೆ ಒಂದು ಹಿಡಿ ಉಪ್ಪು ಬೆರೆಸಿ ಪುಡೀನ ಮತ್ತೆ ನುಣ್ಣಗೆ ಹರಡಿದೆ. ಅದರ ಮುಂದಿನ ವರ್ಷಾನೂ. ಎಲ್ಲಾ ವರ್ಷಾನೂ."

"ಯಾಕೇ?"

"ಪ್ರೇದು ಹೋಗಿಯಾಗಿತ್ತು. ಇನ್ನು ಇವನೂ ಉಂಡು ಎದ್ದುಹೋದ್ರೆ ನನಗೆ ಉಳಿಯೋದೇನು, ಕರೀ ಬಟ್ಟೆ? ಉಂಡ್ರೆ ಅಲ್ವೇ ಸತ್ತ ಅನ್ನೋದು. ಉಣ್ಣದೆ ಇರಲಿ ಅಂತ." ಅವಳ ಬೆರಳು ಹೊದಿಕೆಯನ್ನು ಚಿವುಟುತ್ತಿತ್ತು. "ಬರ್ತಿದ್ದ ತತಾನಾ. ಪ್ರತಿ ವರ್ಷ ಬರ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸ್ಕೋತಿದ್ದೆ. ಕುರ್ಚಿ ಎಳೀತಿದ್ದ. ತಟ್ಟೆ ಅಂಚಿಗೆ ಒಂದು ಸಲ ನಾಲಿಗೆ ತಾಗಿಸ್ತಿದ್ದ, ಥೂ ಅಂತಿದ್ದ. ಆಮೇಲೆ ಹೂಜಿ ಎತ್ತಿ ಗಟಗಟ ಗಟಗಟ... ಎಷ್ಟು ಹೊತ್ತು ಕುಡೀತಿದ್ದ ಅಂತೀಯ! ಅಷ್ಟಾದ್ರೂ ಇರಲಿ ಅಂತ ಎರಡು ಹೂಜಿ ಇಟ್ಟೆ."

ಆ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ನಾನು ಶಾಲು ಎಳೆದು ಹೊದ್ದುಕೊಂಡೆ.

"ಹಸಿದು ಸತ್ತವನನ್ನ ನಲವತ್ತು ವರ್ಷ ಮನೆಗೆ ಕರೆದು ಉಪವಾಸ ಕಳಿಸಿದೆ" ಎಂದಳು. "ಈಗ ನಾನು ಅಲ್ಲಿಗೆ ಹೋಗ್ತಿದೀನಿ. ಯಾವ ಮುಖ ಇಟ್ಕೊಂಡು ಹೋಗಲಿ? ಈ ಹಬ್ಬಕ್ಕೆ ಎಡೆ ನೀನು ಇಡು. ನನಗೂ ಒಂದು. ಅವನಿಗೆ ಉಪ್ಪು ಬೀಳದ ಹಾಗೆ ನೋಡ್ಕೋ. ಮಾತು ಕೊಡು."

ಮಾತು ಕೊಟ್ಟೆ. ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಹೋದಳು. ಅವಳು ಬಯಸಿದಂತೆ ಕೆಂಪು ಅಂಚಿನ ಲಂಗದಲ್ಲೇ ಮಣ್ಣು ಮಾಡಿದೆವು.

ನವೆಂಬರ್ ಒಂದರಂದು ಆ ಮನೆಯ ಬೀಗ ತೆಗೆದೆ. ಉಪ್ಪಿನ ಮರದ ಡಬ್ಬಿಯನ್ನು ಮೊದಲು ಹೊರಗೆ ಒಯ್ದು ನೆರೆಮನೆಯಲ್ಲಿ ಇಟ್ಟುಬಂದೆ. ಪಾತ್ರೆ, ಸೌಟು, ತಟ್ಟೆ ಎಲ್ಲ ಮೂರು ಸಲ ತೊಳೆದೆ, ನನ್ನ ಕೈಬೆವರಿಗೂ ಹೆದರಿದೆ. ಅವ್ವ ಸೇರಿ ಮನೆಯ ಸತ್ತವರು ಈಗ ಒಂಬತ್ತು. ದಿಯೇಗು ಹತ್ತು, ಲುಸ್ಸೋರಿಯಾ ಹನ್ನೊಂದು. ಆದರೂ ಅವನ ತಟ್ಟೆಯನ್ನು ಒಂಬತ್ತನೆಯ ಜಾಗದಲ್ಲೇ ಇಟ್ಟೆ, ಅಲ್ಲಿಗೇ ಬಂದು ರೂಢಿಯಾಗಿದೆ ಅವನಿಗೆ. ಎದುರಿಗೆ ಅವಳದು. ಅವನು ಕೇಳಿದ್ದ ಹಾಗೆ ಹಂಡೆ ತುಂಬ ಬೇಯಿಸಿದ್ದೆ, ಉಳಿದದ್ದನ್ನು ಹಂಡೆಯಲ್ಲೇ ಬಿಟ್ಟೆ. ಎರಡು ಹೂಜಿ ನೀರು ತುಂಬಿಟ್ಟೆ. ಗಂಟೆ ಹೊಡೆಯಿತು. "ಅಣ್ಣಾ, ಉಪ್ಪಿಲ್ಲ, ಉಣ್ಣಪ್ಪಾ" ಎಂದು ಖಾಲಿ ಕುರ್ಚಿಗೆ ಹೇಳಿ, ಮೇಲಿನ ಕೋಣೆಗೆ ಹೋಗಿ ಮಲಗಿದೆ.

ಬೆಳಗಾಗುವಾಗ ಬಾಯಾರಿ ಎಚ್ಚರವಾಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಗೋಡೆ ಹಿಡಿದು ಮೆಟ್ಟಿಲಿಳಿದೆ.

ಒಂಬತ್ತು ತಟ್ಟೆಗಳಲ್ಲಿ ಎಂದಿನ ಗುಳಿ ಬಿದ್ದಿತ್ತು. ಅಣ್ಣನ ತಟ್ಟೆ ಖಾಲಿಯಾಗಿತ್ತು. ಗುಳಿಯಲ್ಲ, ಖಾಲಿ. ನೆಕ್ಕಿದ ಹಾಗೆ ಹೊಳೆಯುತ್ತಿತ್ತು, ಅಕ್ರೋಟಿನ ಒಂದು ಹುಡಿಯೂ ಇರಲಿಲ್ಲ. ಅತ್ತಿಗೆಯ ತಟ್ಟೆ ಅವಳ ಜಾಗದಲ್ಲಿರಲಿಲ್ಲ. ಅದೂ ಖಾಲಿಯಾಗಿ ಅವನ ತಟ್ಟೆಯ ಪಕ್ಕಕ್ಕೆ ಬಂದಿತ್ತು, ಅವಳ ಕುರ್ಚಿ ಅವನ ಕುರ್ಚಿಗೆ ತಾಗಿ ನಿಂತಿತ್ತು. ಅವಳ ಚಮಚ ಎದುರು ಬದಿಯಲ್ಲಿ ನಾನಿಟ್ಟ ಹಾಗೇ ಬೋರಲು ಬಿದ್ದಿತ್ತು. ಇಬ್ಬರೂ ಒಂದೇ ಚಮಚದಲ್ಲಿ ಉಂಡಿದ್ದರು. ಒಲೆಯ ಬಳಿ ಹೋಗಿ ಹಂಡೆಯ ಮುಚ್ಚಳ ತೆಗೆದೆ. ತಳ ಕಾಣುತ್ತಿತ್ತು.

ಎರಡು ಹೂಜಿಯೂ ಕಂಠದವರೆಗೆ ತುಂಬಿದ್ದವು. ಒಂದು ಗುಟುಕೂ ಕುಡಿದಿರಲಿಲ್ಲ.

ನಾನು ನೆಲದ ಮೇಲೆ ಕೂತು ಒಂದು ಹೂಜಿ ಎತ್ತಿ ಕುಡಿದೆ. ಗಟಗಟ ಕುಡಿದೆ. ಅದು ಮುಗಿಯಿತು, ಇನ್ನೊಂದನ್ನೂ ಎತ್ತಿ ಕುಡಿದೆ. ಗಂಟಲಿನ ಉರಿ ಆರಲಿಲ್ಲ. ಬುಗ್ಗೆಗೆ ಹೋಗಿ ಬೊಗಸೆ ಬೊಗಸೆ ಕುಡಿದೆ, ಆಗಲೂ ಆರಲಿಲ್ಲ. ಮೂರು ವರ್ಷವಾಯಿತು. ಡಾಕ್ಟರು ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ನೋಡಿದರು, ಇಲ್ಲ ಎಂದರು. ಹಾಸಿಗೆಯ ಪಕ್ಕ ನೀರು ಇಟ್ಟುಕೊಂಡೇ ಮಲಗುತ್ತೇನೆ. ಯಾರಿಗೂ ದೂರುವುದಿಲ್ಲ, ನನ್ನ ಪಾಲಿಗೆ ಬಂದದ್ದು.

ಮಗಳು ಮಿಂತೋನಿಯಾಳಿಗೆ ಹೇಳಿಟ್ಟಿದ್ದೇನೆ. "ನನಗೆ ಎಡೆ ಇಡೋ ಕಾಲ ಬಂದಾಗ ಉಪ್ಪು ಬಿದ್ದರೂ ಸರಿ, ಬೀಳದಿದ್ದರೂ ಸರಿ, ನಾನು ಜಗಳ ಆಡೋದಿಲ್ಲ. ಹೂಜಿ ಮಾತ್ರ ತುಂಬಿಸಿಡೇ."

"ಬಿಡ್ತು ಅನ್ನವ್ವಾ, ಎಂಥ ಮಾತಾಡ್ತೀಯ" ಎಂದು ಅವಳು ಬೈಯುತ್ತಾಳೆ. ಬೈಯಲಿ. ಎರಡು ಹೂಜಿ ಸಾಲುವುದಿಲ್ಲ ಎಂದೂ ಹೇಳಿದ್ದೇನೆ.